ಸಾವಯವ ಸೊಪ್ಪು, ಸೀಸದ ಮಣ್ಣು

ಕೀಟನಾಶಕ ಮುಟ್ಟಿಸದೆ, ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆದ ಹಿತ್ತಲ ಸೊಪ್ಪಿನಲ್ಲಿ ವಿಷವಿರುವುದಿಲ್ಲ ಎಂಬ ನಂಬಿಕೆ ನಗರದ ಕೈತೋಟಗಾರರಲ್ಲಿ ಗಟ್ಟಿಯಾಗಿದೆ. ಅದು ಅರ್ಧ ಮಾತ್ರ ಸರಿ. ನಾವು ಏನು ಹಾಕಿದೆವು ಎಂಬುದಷ್ಟೇ ಅಲ್ಲ, ನಾವು ಬರುವ ಮುಂಚೆ ಆ ಜಾಗದಲ್ಲಿ ಏನು ಬಿದ್ದಿತ್ತು ಎಂಬುದೂ ಮುಖ್ಯ. ಅಮೆರಿಕದ ಬಾಲ್ಟಿಮೋರ್ ಇದಕ್ಕೆ ಸಾಕ್ಷಿ. ಹೋವರ್ಡ್ ಮೀಲ್ಕಿ ಮತ್ತು ಸಂಗಡಿಗರು ಅಲ್ಲಿನ ನೂರಾರು ತರಕಾರಿ ತೋಟಗಳ ಮಣ್ಣು ಪರೀಕ್ಷಿಸಿ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಣ್ಣಿನಲ್ಲಿ ಸೀಸ ಕಂಡರೆ ಅದು ಗೋಡೆಯ ಹಳೇ ಬಣ್ಣ ಉದುರಿದ್ದು ಎಂದೇ ಆಗ ಹೇಳುತ್ತಿದ್ದರು. ಆದರೆ ಸೀಸ ಅತಿ ಹೆಚ್ಚು ಸಿಕ್ಕಿದ್ದು ನಗರದ ನಟ್ಟನಡುವೆ, ಬಣ್ಣ ಬಳಿಯದ ಇಟ್ಟಿಗೆ ಕಟ್ಟಡಗಳೇ ಹೆಚ್ಚಿದ್ದ ಕಡೆ. ಅಲ್ಲಿ ದಟ್ಟವಾಗಿದ್ದದ್ದು ವಾಹನ ಸಂಚಾರ, ಸೀಸ ಬೆರೆಸಿದ ಪೆಟ್ರೋಲಿನ ಹೊಗೆ. ಹಾಗೆಂದು ಬಣ್ಣ ನಿರಪರಾಧಿಯಲ್ಲ. ಹಳೇ ಮನೆಯ ಗೋಡೆ ಬುಡದ ಮಣ್ಣಿನಲ್ಲಿ ಅದರ ಪುಡಿ ಸೇರಿರುತ್ತದೆ. ಊರಗಲ ಹರಡಿದ್ದು ಮಾತ್ರ ಹೊಗೆ.

ಸೀಸದ ಪೆಟ್ರೋಲ್ ಭಾರತದಲ್ಲೂ 2000ದಲ್ಲೇ ನಿಂತಿತಲ್ಲ ಎನ್ನಬಹುದು. ಪೆಟ್ರೋಲ್ ನಿಂತಿತು, ಬಿದ್ದ ಸೀಸ ಹೋಗಲಿಲ್ಲ. ಅದು ಮೂಲಧಾತು, ಕೊಳೆಯುವುದಿಲ್ಲ. ಮಳೆಗೂ ಸುಲಭವಾಗಿ ಕೆಳಗಿಳಿಯದೆ, ಸಸಿ ನೆಡಲು ಕೈ ಹಾಕುವ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಬೆಂಗಳೂರಿನ ಹಳೇ ಮುಖ್ಯರಸ್ತೆ ಪಕ್ಕದ ಹಿತ್ತಲಿಗೂ ಇದೇ ಪ್ರಶ್ನೆ. ಹಿಂದೆ ಗ್ಯಾರೇಜೋ ಬ್ಯಾಟರಿ ಅಂಗಡಿಯೋ ಇದ್ದ ಸೈಟಾದರೆ ಇನ್ನೂ ಗಂಭೀರ. ಗಿಡಗಳು ಸೀಸ ಹೀರುವುದೇ ಕಡಿಮೆ ಎಂಬ ಇನ್ನೊಂದು ಆಕ್ಷೇಪವಿದೆ. ನಿಜ, ಟೊಮೆಟೊ, ಬದನೆಯ ಕಾಯಿಗೆ ಅದು ಸೇರುವುದು ಅತ್ಯಲ್ಪ. ಆದರೆ ಹೊಟ್ಟೆಗೆ ಹೋಗುವುದು ಹೆಚ್ಚಾಗಿ ಮಣ್ಣಿನ ಮೂಲಕವೇ: ಮಳೆಹನಿಗೆ ಸಿಡಿದ ಕೆಸರು ಅಂಟಿದ ದಂಟಿನ ಸೊಪ್ಪು, ಅರೆಬರೆ ತೊಳೆದ ಮೂಲಂಗಿ, ಮಣ್ಣಾಡಿ ಬಾಯಿಗೆ ಹೋಗುವ ಮಗುವಿನ ಬೆರಳು. ಕ್ಯಾಡ್ಮಿಯಂ ವಿಷಯದಲ್ಲಿ ಅಷ್ಟು ಸಮಾಧಾನವೂ ಇಲ್ಲ. ಹುಳಿ ಮಣ್ಣಾದರೆ ಪಾಲಕ್ ಎಲೆಗೆ ಸಲೀಸಾಗಿ ಏರುತ್ತದೆ. ಹೊರಗಿನಿಂದ ಕಾಂಪೋಸ್ಟ್ ತಂದು ಸುರಿದರಾಯಿತು ಎನ್ನುವವರು ಅದು ಎಲ್ಲಿಯದೆಂದು ಕೇಳಬೇಕು. ವಿಂಗಡಿಸದ ಕಸದಲ್ಲಿ ಬ್ಯಾಟರಿ ಚೂರೂ ಇರುತ್ತದೆ. ನಗರ ಕಾಂಪೋಸ್ಟ್‌ನ ಕಿಲೋಗೆ ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದೆಂದು ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ ಮಿತಿ ಹಾಕಿರುವುದು ಸುಮ್ಮನೆ ಅಲ್ಲ.

ಇಷ್ಟಕ್ಕೇ ಕೈತೋಟ ಬಿಡಬೇಕಿಲ್ಲ. ಗೋಡೆ ಬುಡದಲ್ಲಿ ಸೊಪ್ಪು ಬೇಡ, ಹೂಗಿಡ ಇರಲಿ. ಶುದ್ಧ ಮಣ್ಣು ತುಂಬಿದ ಎತ್ತರದ ಮಡಿಯಲ್ಲಿ ತರಕಾರಿ ಬೆಳೆಯಿರಿ, ಬರಿ ನೆಲಕ್ಕೆ ತರಗೆಲೆ ಹೊದಿಸಿ. ಮಣ್ಣನ್ನು ಪರೀಕ್ಷೆಗೆ ಕೊಡುವಾಗ ಸೀಸ, ಕ್ಯಾಡ್ಮಿಯಂ ನೋಡಿ ಎಂದು ಬಿಡಿಸಿ ಬರೆದುಕೊಡಿ; ಸಾರಜನಕ, ರಂಜಕ, ಪೊಟ್ಯಾಷ್ ಅಳೆಯುವ ಮಾಮೂಲಿ ಪರೀಕ್ಷೆಯಲ್ಲಿ ಅವನ್ನು ನೋಡುವುದಿಲ್ಲ.