ತೋಟಕ್ಕೂ ಸೈ, ಪೇಟೆಗೂ ಸೈ; ಆದರೆ ಟೆಂಪೋ ಅಲ್ಲ

ಪೇಟೆಯಲ್ಲಿ ಮನೆ, ಹಳ್ಳಿಯಲ್ಲಿ ತೋಟ ಇರುವವರ ಪಾಡು ಅದೇ ಪಾಡು ಪಡುವವರಿಗೆ ಮಾತ್ರ ಗೊತ್ತು. ನಮ್ಮ ಮನೆ ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ. ಮಾರ್ಕೆಟ್ಟಿಗೆ ಕೂಗಳತೆ ದೂರ, ಕೆ.ಆರ್. ಆಸ್ಪತ್ರೆಗೂ ಹತ್ತಿರ. ತೋಟ ಇರುವುದು ನಂಜನಗೂಡು ತಾಲೂಕಿನಲ್ಲಿ, ಕಬಿನಿ ನಾಲೆಯ ಕೆಳಗೆ. ಮೂರೂವರೆ ಎಕರೆ, ತೆಂಗು ಮತ್ತು ಬಾಳೆ. ಮನೆ ಬಾಗಿಲಿನಿಂದ ತೋಟದ ಗೇಟಿಗೆ 36 ಕಿಲೋಮೀಟರ್. ಅದರಲ್ಲಿ ಕೊನೆಯ ಮೂರು ಕಿಲೋಮೀಟರ್ ನಾಲೆ ಏರಿಯ ಮಣ್ಣುದಾರಿ.

ಇಷ್ಟು ವರ್ಷ ಬಸ್ಸು, ಬೈಕು, ಬಾಡಿಗೆ ಟೆಂಪೋಗಳಲ್ಲೇ ಕಾಲ ಹಾಕಿದೆವು. ಅಮ್ಮನಿಗೆ 74 ವರ್ಷ, ಮಂಡಿನೋವು. ಬೈಕಿನಲ್ಲಿ ಕೂರಲಾರರು, ಬಸ್ಸಿನ ಮೆಟ್ಟಿಲು ಹತ್ತಲಾರರು. ಮೂರು ವರ್ಷ ಅವರು ತೋಟದ ಮುಖ ನೋಡಿರಲಿಲ್ಲ. "ನೋಡೋರಿಲ್ಲದ ತೋಟ ಯಾಕೆ, ಕೊಟ್ಟುಬಿಡೋಣ" ಎಂಬ ಮಾತು ಮನೆಯೊಳಗೆ ಶುರುವಾಗಿತ್ತು. ನಮ್ಮ ಕಡೆ ಲೇಔಟಿನವರು ಬಾಗಿಲಿಗೇ ಬರುತ್ತಾರೆ. ಹಾಗಾಗಿ ನಾವು ಗಾಡಿ ಕೊಳ್ಳಬೇಕೆ ಬೇಡವೆ ಎಂಬುದರ ಹಿಂದೆ ತೋಟ ಇರಬೇಕೆ ಬೇಡವೆ ಎಂಬ ಪ್ರಶ್ನೆಯೂ ಇತ್ತು.

ಯಾವ ಗಾಡಿ, ಯಾಕೆ?

ಕೊಂಡದ್ದು ಟಾಟಾ ಪಂಚ್, ಪೆಟ್ರೋಲ್, ಕೈಯಲ್ಲಿ ಗೇರ್ ಹಾಕುವ ಮಾದರಿ. 2021ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಪುಟ್ಟ ಎಸ್‌ಯುವಿ ಇದು. ಅದೇ ತಿಂಗಳು ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ 5 ನಕ್ಷತ್ರ, ಮಕ್ಕಳ ರಕ್ಷಣೆಗೆ 4 ನಕ್ಷತ್ರ ಪಡೆದಿತ್ತು.

ಬೊಲೆರೊ ಯಾಕೆ ಬೇಡ ಅಂತ ಹಲವರು ಕೇಳಿದರು. ಅದು ಹೆಚ್ಚುಕಡಿಮೆ ನಾಲ್ಕು ಮೀಟರ್ ಉದ್ದ. ನಮ್ಮ ಓಣಿಯಲ್ಲಿ ಹಳೆಯ ಮನೆಗಳು, ಪೋರ್ಟಿಕೊ ಎಂಬುದಿಲ್ಲ. ಎದುರುಮನೆಯ ಜಗುಲಿಗೂ ನಮ್ಮ ಮೆಟ್ಟಿಲಿಗೂ ನಡುವೆ ಸಿಕ್ಕ ಜಾಗವೇ ಗ್ಯಾರೇಜು. ಪಂಚ್ 3.83 ಮೀಟರ್. ಆ ಒಂದು ಗೇಣಿಗಾಗಿಯೇ ನಮ್ಮ ಗೇಟು ತೆರೆಯುತ್ತದೆ! ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಜಿಮ್ನಿಯನ್ನೂ ನೋಡಿದೆ. ನೆಲದಿಂದ 210 ಮಿ.ಮೀ. ಎತ್ತರ, ಗಟ್ಟಿಮುಟ್ಟು. ಬೆಲೆ ನಮಗೆ ನಿಲುಕಲಿಲ್ಲ.

ಈ 'ನಾಲ್ಕು ಮೀಟರ್' ಎಂಬುದು ಕಂಪನಿಗಳಿಗೆ ತೋಚಿದ ಅಳತೆಯಲ್ಲ, ತೆರಿಗೆಯ ಅಳತೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದಾಗ ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲಾದರೆ 1200 ಸಿ.ಸಿ., ಡೀಸೆಲಾದರೆ 1500 ಸಿ.ಸಿ. ಒಳಗಿನ ಎಂಜಿನ್ ಎಂದು ಗೆರೆ ಎಳೆದರು. ಆಮೇಲೆ ಎಲ್ಲರೂ ಆ ಗೆರೆಯೊಳಗೆ ಗಾಡಿ ಮಾಡತೊಡಗಿದರು. 22 ಸೆಪ್ಟೆಂಬರ್ 2025ರಿಂದ ಈ ವರ್ಗದ ಪೆಟ್ರೋಲ್ ಕಾರುಗಳ ಮೇಲಿನ ಶೇ. 28 ಜಿಎಸ್‌ಟಿ, ಶೇ. 1 ಸೆಸ್ ಹೋಗಿ ಶೇ. 18 ಆಯಿತು. ತೆರಿಗೆ ಬಿಟ್ಟು 6 ಲಕ್ಷದ ಗಾಡಿ ಎಂದಿಟ್ಟುಕೊಂಡರೆ 66 ಸಾವಿರ ರೂಪಾಯಿ ಉಳಿತಾಯ. ನಾವು ಕಾದದ್ದು ಇದಕ್ಕೇ.

ಗಾಡಿ ಮನೆಗೆ ಬಂದದ್ದು 2025ರ ವಿಜಯದಶಮಿಯ ಮರುದಿನ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯ ಆಸುಪಾಸಿಗೆ ಸೈಕಲ್ಲೂ ನುಗ್ಗದು.

ಮಣ್ಣುದಾರಿಯಲ್ಲಿ

ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ 187 ಮಿ.ಮೀ. ಏರಿಯ ದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರದ ಎರಡು ಜಾಡು, ನಡುವೆ ಹುಲ್ಲಿನ ದಿಬ್ಬ. ಪರಿಚಯದವರ ಸಾಮಾನ್ಯ ಕಾರು ಅಲ್ಲಿ ಹೊಟ್ಟೆ ಉಜ್ಜುತ್ತಿತ್ತು. ಇದು ಉಜ್ಜುವುದಿಲ್ಲ. ಆದರೆ ಐದು ಜನ ಕೂತು, ಹಿಂದೆ ಕಾಯಿ ಚೀಲ ಹೇರಿದಾಗ ಹಿಂಬದಿ ಇಳಿಯುತ್ತದೆ, ಅಂತರವೂ ಇಳಿಯುತ್ತದೆ. ಕಾಗದದ ಮೇಲಿನ ಅಂಕಿ ನಂಬಿ ಕಲ್ಲು ಹತ್ತಿಸಬಾರದು.

ಎರಡನೆಯ ಮಾತು ಮುಖ್ಯ. ಇದು ಎಸ್‌ಯುವಿ ಅನ್ನಿಸಿಕೊಂಡರೂ ಜೀಪಲ್ಲ. ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ನಮ್ಮಲ್ಲಿ ಕೆಳಗಿನ ತಾಕು ಕಪ್ಪುಮಣ್ಣು. ಅಕ್ಟೋಬರಿನ ಹಿಂಗಾರಿನಲ್ಲಿ ಆ ಮಣ್ಣು ಟೈರಿಗೆ ಮೆತ್ತಿಕೊಂಡರೆ ಟೈರಿನ ಗೀರೆಲ್ಲ ಮುಚ್ಚಿಹೋಗುತ್ತದೆ. ಆಮೇಲೆ ಯಾವ ಎರಡು ಚಕ್ರದ ಗಾಡಿಯೂ ಜಾರುವುದೇ. ಅದಕ್ಕೆ ಮಳೆ ಬಂದ ದಿನ ಪಂಪ್‌ಹೌಸಿನ ಹತ್ತಿರದ ಮೊರಂ ನೆಲದಲ್ಲೇ ಗಾಡಿ ನಿಲ್ಲಿಸಿ ನಡೆದು ಹೋಗುತ್ತೇನೆ. ಕೆಂಪುಮಣ್ಣು, ಜಲ್ಲಿ, ಒಣದಾರಿ ಯಾವುದಕ್ಕೂ ತಕರಾರಿಲ್ಲ. ಈ ಐದು ತಿಂಗಳ ಅನುಭವದಲ್ಲಿ ಮುಂಗಾರು ಸೇರಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಎಷ್ಟು ಹಿಡಿಸುತ್ತದೆ?

ಗಾಡಿ ನೋಡಿದ ಮಾರ್ಕೆಟ್ಟಿನ ಬಾಳೆ ಮಂಡಿಯವರ ಮೊದಲ ಪ್ರಶ್ನೆ: "ಏನಣ್ಣ, ಎಷ್ಟು ಗೊನೆ ಹಾಕ್ತೀರ ಇದಕ್ಕೆ?"

ಡಿಕ್ಕಿ 366 ಲೀಟರ್. ಸುಲಿದ ಕಾಯಿ 60ರಂತೆ ಎರಡು ಚೀಲ, ಜೊತೆಗೆ ತರಕಾರಿ ಬುಟ್ಟಿ ಹಿಡಿಸುತ್ತದೆ. ಹಿಂದಿನ ಸೀಟು ಮಡಚಿದರೆ ಆರು ಗೊನೆ ಬಾಳೆ, ಇಲ್ಲವೇ ಡ್ರಿಪ್ಪಿನ ಪೈಪು ಸುರುಳಿ. ಇಪ್ಪತ್ತು ಅಡಿಯ ಪಿವಿಸಿ ಪೈಪು ಬಾರದು. ಬಾಳೆಯ ಸೊನೆ ಬಟ್ಟೆಯ ಸೀಟಿಗೆ ತಾಗಿದರೆ ಹೋಗುವುದಿಲ್ಲ. ಹಳೆ ಟಾರ್ಪಾಲು ಹಾಸಿಕೊಳ್ಳಿ. ಕೀಟನಾಶಕ ತರುವುದಾದರೆ ಮಾತ್ರ ಈ ಗಾಡಿ ಬೇಡ. ಡಿಕ್ಕಿಗೂ ಜನ ಕೂರುವ ಜಾಗಕ್ಕೂ ನಡುವೆ ಗೋಡೆಯಿಲ್ಲ, ಎಲ್ಲರೂ ಅದೇ ಗಾಳಿ ಉಸಿರಾಡಬೇಕು.

ಅಕ್ಕಪಕ್ಕದ ತೋಟದವರು "ನಮ್ಮದೂ ನಾಲ್ಕು ಗೊನೆ ಹಾಕ್ಕೊಳ್ಳಿ, ಬಾಡಿಗೆ ಕೊಡ್ತೀವಿ" ಎಂದರು. ಒಪ್ಪಲಿಲ್ಲ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯೂ ಕೈಕೊಡಬಹುದು.

ಕಾಯಿ ಕೀಳಿಸಿದ ದಿನ, ಗೊನೆ ಕಡಿದ ದಿನ ಈಗಲೂ ಗೂಡ್ಸ್ ಆಟೋ ಬರುತ್ತದೆ. ಬರಲೇಬೇಕು.

ಕಾಸಿನ ಲೆಕ್ಕ

ಅಕ್ಟೋಬರಿನಿಂದ 2026ರ ಫೆಬ್ರವರಿ ಕೊನೆವರೆಗೆ 6,000 ಕಿ.ಮೀ. ಓಡಿದೆ. ಕುಡಿದ ಪೆಟ್ರೋಲು 388 ಲೀಟರ್. ಅಂದರೆ ಲೀಟರಿಗೆ ಹದಿನೈದೂವರೆ. ನಂಜನಗೂಡು ರಸ್ತೆಯಲ್ಲಿ 18 ಬರುತ್ತದೆ, ಚಿಕ್ಕಗಡಿಯಾರ, ಕೆ.ಆರ್. ಸರ್ಕಲ್ ಸುತ್ತಿದರೆ 12 ದಾಟುವುದಿಲ್ಲ. ಆ ತಿಂಗಳುಗಳ ದರದಲ್ಲಿ ಪೆಟ್ರೋಲಿಗೆ ಸುಮಾರು 40 ಸಾವಿರ ರೂ., ಅಂದರೆ ಕಿ.ಮೀ.ಗೆ 6 ರೂ. 60 ಪೈಸೆ. ಇಷ್ಟಕ್ಕೇ ನಿಲ್ಲಿಸಿದರೆ ಅಗ್ಗ ಅನ್ನಿಸುತ್ತದೆ. 5 ಲಕ್ಷ ಸಾಲದ ಕಂತು ತಿಂಗಳಿಗೆ 10,400 ರೂ.; ಐದು ತಿಂಗಳಿಗೆ 52 ಸಾವಿರ. ಎರಡನ್ನೂ ಕೂಡಿಸಿ ಭಾಗಿಸಿದರೆ ಕಿ.ಮೀ.ಗೆ 15 ರೂಪಾಯಿ ಮೀರುತ್ತದೆ. ವಿಮೆ, ಟೈರು, ಸವಕಳಿ ಇನ್ನೂ ಹೊರಗೇ ಇವೆ. ಕೊಳ್ಳುವಾಗ ರಾಜ್ಯದ ಜೀವಿತಾವಧಿ ತೆರಿಗೆ ಬೇರೆ: 5ರಿಂದ 10 ಲಕ್ಷದೊಳಗಿನ ಕಾರಿಗೆ ಶೇ. 14, ಅದರ ಮೇಲೆ ಸೆಸ್.

ಷೋರೂಮಿನವರು 'ಅಗತ್ಯ ಸಾಮಾನು' ಎಂದು 28 ಸಾವಿರದ ಪಟ್ಟಿ ಹಿಡಿದರು. ರಬ್ಬರ್ ಮ್ಯಾಟ್, ಮಡ್‌ಫ್ಲ್ಯಾಪ್ ಬಿಟ್ಟು ಉಳಿದದ್ದಕ್ಕೆ ಗೆರೆ ಎಳೆದೆ. ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ಕಾನೂನೂ ಇಲ್ಲ. ಹೊರಗೆ ವಿಚಾರಿಸಿ.

ಇಲಿ ಕಾಟ

ತೋಟದಲ್ಲಿ ಕಾರು ನಿಲ್ಲಿಸುವವರಿಗೊಂದು ಎಚ್ಚರಿಕೆ. ತೆಂಗಿನ ಸಿಪ್ಪೆ, ಹಿಂಡಿ ಮೂಟೆ ಇರುವ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ಬಿಸಿ ಎಂಜಿನ್ನಿನ ಮೇಲೆ ಇಲಿ ಮನೆ ಮಾಡುತ್ತದೆ, ವೈರು ಕಡಿಯುತ್ತದೆ. ನಾನು ಬಯಲಿನಲ್ಲೇ ನಿಲ್ಲಿಸಿ, ಹೊರಡುವ ಮುಂಚೆ ಬಾನೆಟ್ ಎತ್ತಿ ನೋಡುತ್ತೇನೆ. ಒಂದು ಬಟ್ಟೆಯಲ್ಲಿ ಹೊಗೆಸೊಪ್ಪು ಕಟ್ಟಿ ಬ್ಯಾಟರಿ ಹತ್ತಿರ ಇಟ್ಟಿದ್ದೇನೆ. ಇದುವರೆಗೆ ಕಾಟವಿಲ್ಲ.

ಯಾರಿಗೆ ಇದು?

ಬರೀ ತೋಟದ ಲೆಕ್ಕಕ್ಕೆ ಹಾಕಿದರೆ ಈ ಗಾಡಿ ನಷ್ಟ. ಮೂರೂವರೆ ಎಕರೆಯ ಬಾಳೆ, ತೆಂಗು ಇದರ ಕಂತು ಕಟ್ಟಲಾರದು. ಫಸಲು ಸಾಗಿಸಲಿಕ್ಕೇ ಗಾಡಿ ಬೇಕು ಎನ್ನುವವರು ಸಣ್ಣ ಗೂಡ್ಸ್ ವಾಹನವನ್ನೇ ನೋಡಿ.

ಮನೆಯ ಲೆಕ್ಕ ಬೇರೆ. ಈ ಗಾಡಿಯ ಬಾಗಿಲು 90 ಡಿಗ್ರಿ ತೆರೆಯುತ್ತದೆ, ಸೀಟು ಸೊಂಟದ ಎತ್ತರಕ್ಕಿದೆ. ಅಮ್ಮ ಬಗ್ಗದೆ, ಹತ್ತದೆ, ಹಾಗೇ ಹಿಂದಕ್ಕೆ ಕೂರುತ್ತಾರೆ. ಐದು ತಿಂಗಳಲ್ಲಿ ಹನ್ನೊಂದು ಸಲ ತೋಟಕ್ಕೆ ಬಂದರು. ಮೂರನೆಯ ಸಲವೇ "ಈ ಸಾಲಿಗೆ ನೀರು ಹೆಚ್ಚು ಬಿಡ್ತಿದ್ದೀರ, ಬುಡ ಕೊಳೀತಿದೆ" ಅಂತ ಕೆಲಸದವರಿಗೆ ತೋರಿಸಿದರು. ನಿಜವೇ ಆಗಿತ್ತು. ಮಾರುವ ಮಾತು ಈಗ ಮನೆಯಲ್ಲಿ ಎದ್ದಿಲ್ಲ.

ಕೊಳ್ಳುವ ಯೋಚನೆ ಇರುವವರು ಷೋರೂಮಿನವರ ಡಾಂಬರು ರಸ್ತೆಯಲ್ಲಿ ಓಡಿಸಿ ತೃಪ್ತರಾಗಬೇಡಿ. ನಿಮ್ಮ ಓಣಿಯ ಅಗಲ ಅಳೆಯಿರಿ, ತೋಟದ ದಾರಿಯ ದಿಬ್ಬ ಅಳೆಯಿರಿ, ಮನೆಯ ಹಿರಿಯರನ್ನು ಒಮ್ಮೆ ಕೂರಿಸಿ ಇಳಿಸಿ ನೋಡಿ. ಆಮೇಲೆ ಚೆಕ್ಕು ಬರೆಯಿರಿ. ಇಂಥ ಗಾಡಿಯನ್ನು ಎರಡು ಮೂರು ಮುಂಗಾರು ಓಡಿಸಿದ ಕೃಷಿಕರಿದ್ದರೆ ತಮ್ಮ ಅನುಭವವನ್ನೂ ಬರೆದು ತಿಳಿಸಲಿ.