ಲೆಕ್ಕಪುಸ್ತಕದಲ್ಲಿ ಇಲ್ಲದ ನದಿ

ನಮ್ಮ ಕುಟುಂಬಗಳ ಅನೇಕ ಯುವಕ ಯುವತಿಯರು ಇಂದು ವಾಣಿಜ್ಯಾಡಳಿತದ ವ್ಯಾಸಂಗಕ್ಕೆ ತೆರಳುತ್ತಿದ್ದಾರೆ. ಅಲ್ಲಿ ಅವರು ಕಲಿಯುವ ಲಾಭನಷ್ಟದ ಲೆಕ್ಕದಲ್ಲಿ ನದಿಗೂ ಅರಣ್ಯಕ್ಕೂ ಸ್ಥಾನವಿದೆಯೇ?

ಕುದುರೆಮುಖವನ್ನು ನೆನೆಯೋಣ. ಅಲ್ಲಿಯ ಕಬ್ಬಿಣದ ಅದಿರಿಗೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು. ಆದರೆ ಮಳೆಗಾಲದಲ್ಲಿ ಗಣಿಯಿಂದ ಭದ್ರಾ ನದಿಗೆ ಹರಿದ ಹೂಳಿನ ಭಾರ ಅದಿರನ್ನು ಕೊಂಡವರ ಮೇಲಲ್ಲ, ನದಿಯನ್ನೇ ನಂಬಿದವರ ಮೇಲೆ ಬಿದ್ದಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು.

ಪದವಿ ತರಗತಿಗಳಲ್ಲಿ ಪರಿಸರ ಅಧ್ಯಯನವನ್ನು ಕಡ್ಡಾಯಗೊಳಿಸಿದ್ದೂ ಇದೇ ನ್ಯಾಯಾಲಯದ ನಿರ್ದೇಶನದಿಂದಲೇ. ಆದರೆ ಪರೀಕ್ಷೆಗಾಗಿ ಓದಿ ಮರೆಯುವ ಪ್ರತ್ಯೇಕ ಪತ್ರಿಕೆಯಾಗಿ ಅದು ಉಳಿದರೆ ಫಲವೇನು? ಉತ್ಪಾದನಾ ವೆಚ್ಚವನ್ನು ಕಲಿಸುವ ತರಗತಿಯಲ್ಲಿಯೇ ಹೂಳಿನ ಬೆಲೆಯನ್ನೂ ಕಲಿಸಬೇಕು.

ಪರಿಸರದ ಬಳಕೆಯ ವೆಚ್ಚವನ್ನು ಬಳಸಿದವರೇ ಭರಿಸಬೇಕೆಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಬೋಧಿಸಿದರು. ನಮ್ಮ ವೆಚ್ಚವನ್ನು ನೆರೆಯವನ ತಲೆಗೆ, ಹುಟ್ಟಲಿರುವ ಮಗುವಿನ ತಲೆಗೆ ಕಟ್ಟುವುದು ಕಳವಲ್ಲದೆ ಮತ್ತೇನು? ಏಳನೆಯ ಕಟ್ಟಳೆ ಕಚೇರಿಯ ಬಾಗಿಲಲ್ಲಿ ನಿಂತುಬಿಡುವುದಿಲ್ಲ.

ರಜೆಗೆ ಮನೆಗೆ ಬಂದ ಮಕ್ಕಳನ್ನು ಸಂಬಳದ ಕುರಿತು ವಿಚಾರಿಸುತ್ತೇವೆ. ಅವರು ಕಲಿತ ಲೆಕ್ಕದಲ್ಲಿ ಯಾರ ನಷ್ಟ ಬಿಟ್ಟುಹೋಗಿದೆ ಎಂಬುದನ್ನೂ ವಿಚಾರಿಸೋಣ. ಸೃಷ್ಟಿಯ ಒಡೆಯನಿಗೆ ನಾವೆಲ್ಲರೂ ಲೆಕ್ಕ ಒಪ್ಪಿಸಬೇಕಾದವರೇ.