ಎಲ್ಲರೂ ಕಲಿಯುವ ತರಗತಿ: ಕಿರಿಯ ಪ್ರಾಥಮಿಕ ಶಾಲೆಯ ದಿನಚರಿ

ಕರ್ನಾಟಕದ ಸರ್ಕಾರಿ ಶಾಲೆಯ ನಲಿಕಲಿ ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿವರೆಗಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅವರಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವ ಮಗು ಇರಬಹುದು. ಕಿವಿ ಮಂದವಾದ ಮಗು, ಹೆತ್ತವರ ಜತೆ ಗುಳೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿದ ಮಗು, ಐದು ನಿಮಿಷವೂ ಒಂದೆಡೆ ಕೂರಲಾರದ ಮಗು ಅದೇ ಚಾಪೆಯ ಮೇಲಿರಬಹುದು. ಎಲ್ಲರಿಗೂ ಒಂದೇ ಕೋಣೆಯಲ್ಲಿ ಕಲಿಸುವ ಈ ವ್ಯವಸ್ಥೆಗೆ ಶಿಕ್ಷಣ ಇಲಾಖೆಯಲ್ಲಿ ಸಮನ್ವಯ ಶಿಕ್ಷಣ ಎಂಬ ಹೆಸರಿದೆ.

ಇದಕ್ಕೆ ಕಾನೂನಿನ ಬಲವೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆಯ ಬಾಗಿಲು ತೆರೆದಿಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ ವೈಕಲ್ಯಗಳು 21. 1995ರ ಕಾಯ್ದೆಯಲ್ಲಿ ಇದ್ದವು ಏಳೇ. ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳು ಪಟ್ಟಿಗೆ ಸೇರಿದ್ದು 2016ರಲ್ಲಿ. ಆದರೆ ಬಾಗಿಲು ದಾಟಿ ಬಂದ ಮಗು ಒಳಗೆ ಕಲಿಯುತ್ತದೆಯೋ, ಸುಮ್ಮನೆ ಕುಳಿತು ಹೋಗುತ್ತದೆಯೋ ಎಂಬುದು ದಿನವೂ ತಪ್ಪದೆ ನಡೆಯುವ ಸಣ್ಣ ಸಣ್ಣ ಕ್ರಮಗಳಿಂದ ತೀರ್ಮಾನವಾಗುತ್ತದೆ.

ದಿನದ ಆರಂಭವೇ ಮುಖ್ಯ. ಪ್ರಾರ್ಥನೆ ಮುಗಿಸಿ ಒಳಗೆ ಬಂದ ಮಕ್ಕಳು ತಮ್ಮ ಹಾಜರಿಯನ್ನು ತಾವೇ ಹಾಕಿಕೊಂಡು, ಹವಾಮಾನ ನಕ್ಷೆಯಲ್ಲಿ ಮೋಡವನ್ನೋ ಬಿಸಿಲನ್ನೋ ಗುರುತಿಸುತ್ತಾರೆ. ಮಾತು ಬಾರದ ಮಗುವೂ ಈ ಕೆಲಸವನ್ನು ಯಾರ ನೆರವಿಲ್ಲದೆ ಮಾಡಬಲ್ಲದು. ಇದರ ಪಕ್ಕದಲ್ಲೇ ಆ ದಿನದ ಕೆಲಸಗಳನ್ನು ಚಿತ್ರಗಳಲ್ಲಿ ಸಾಲಾಗಿ ತೂಗುಹಾಕುವುದು ಒಳ್ಳೆಯದು: ಹಾಲಿನ ಲೋಟ, ಕಾರ್ಡು, ಬಿಸಿಯೂಟದ ತಟ್ಟೆ, ಚೆಂಡು, ಮನೆ. ಆಟಿಸಂ ಇರುವ ಮಗುವಿಗೆ ಮುಂದೇನು ಎಂಬುದು ತಿಳಿಯದಿದ್ದರೆ ದಿಗಿಲಾಗುತ್ತದೆ. ಚಿತ್ರಸಾಲು ಆ ದಿಗಿಲನ್ನು ಕಡಿಮೆ ಮಾಡುತ್ತದೆ. ಆರೋಗ್ಯ ತಪಾಸಣೆ, ಜಯಂತಿ ಆಚರಣೆ ಎಂದು ಕ್ರಮ ಬದಲಾಗುವ ದಿನ ಬೆಳಗ್ಗೆಯೇ ಆ ಚಿತ್ರವನ್ನು ಬದಲಿಸಿ ತೋರಿಸಬೇಕು.

ಕೂರಿಸುವ ಕ್ರಮಕ್ಕೆ ಹಣ ಬೇಕಿಲ್ಲ, ಗಮನ ಬೇಕು. ಕಿವಿ ಮಂದವಾದ ಮಗು ಶಿಕ್ಷಕಿಯ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತದೆ. ಕಿಟಕಿಗೆ ಬೆನ್ನು ಹಾಕಿ ನಿಂತು ಮಾತಾಡಿದರೆ ಅವರ ಮುಖ ಕಪ್ಪಾಗಿ ಕಾಣುತ್ತದೆ. ಹಲಗೆಯತ್ತ ತಿರುಗಿ ಬರೆಯುತ್ತಲೇ ವಿವರಿಸಿದರೆ ಆ ಮಗುವಿಗೆ ಪಾಠವೇ ಇಲ್ಲ. ದೃಷ್ಟಿ ಮಂದವಾದ ಮಗುವಿಗೆ ಬರೆದದ್ದನ್ನು ಜೋರಾಗಿ ಓದಿ ಹೇಳಬೇಕು. ಹಾಗಾಗಿ ಮೊದಲು ಬರೆದು, ಆಮೇಲೆ ಮಕ್ಕಳತ್ತ ತಿರುಗಿ ಓದುವ ಅಭ್ಯಾಸವೊಂದರಿಂದ ಇಬ್ಬರಿಗೂ ಅನುಕೂಲ. ಕನ್ನಡವನ್ನು ಹೊಸದಾಗಿ ಕಲಿಯುತ್ತಿರುವ ಮಗುವಿಗೂ ಅದರಿಂದ ಲಾಭವಿದೆ.

ಪ್ರಶ್ನೆ ಕೇಳಿದ ಮೇಲೆ ಕಾಯುವುದು ಇನ್ನೊಂದು ರೂಢಿ. ಸಾಮಾನ್ಯವಾಗಿ ಶಿಕ್ಷಕರು ಉತ್ತರಕ್ಕಾಗಿ ಒಂದು ಸೆಕೆಂಡಿನಷ್ಟು ಹೊತ್ತು ಮಾತ್ರ ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಇದಕ್ಕೆ ಸ್ಲೇಟು ಚೆನ್ನಾಗಿ ಹೊಂದುತ್ತದೆ. ಎಲ್ಲರೂ ಉತ್ತರವನ್ನು ಬರೆದೋ ಚಿತ್ರಿಸಿಯೋ ಒಟ್ಟಿಗೆ ಎತ್ತಿ ತೋರಿಸಿದರೆ, ಮುಂದಿನ ಸಾಲಿನ ಮೂವರೇ ಇಡೀ ತರಗತಿಯ ಪರವಾಗಿ ಉತ್ತರಿಸುವುದು ನಿಲ್ಲುತ್ತದೆ.

ದಿನದ ಬಹುಪಾಲು ಕಲಿಕೆ ನಡೆಯುವುದು ಗುಂಪುಗಳಲ್ಲಿ. ಇಲ್ಲಿ ಕರ್ನಾಟಕದ ಶಿಕ್ಷಕರೇ ಕಟ್ಟಿದ ದಾರಿಯೊಂದಿದೆ. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ನಲಿಕಲಿ ಆರಂಭಿಸಿದರು. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಈ ಪದ್ಧತಿಯಲ್ಲಿ ಪಾಠಗಳು ಕಾರ್ಡುಗಳಾಗಿ ಒಡೆದಿರುತ್ತವೆ, ಕಾರ್ಡುಗಳ ಕ್ರಮವನ್ನು ಕಲಿಕಾ ಏಣಿ ತೋರಿಸುತ್ತದೆ. ಮಗು ತಾನಿರುವ ಮೆಟ್ಟಿಲನ್ನು ಏಣಿಯಲ್ಲಿ ನೋಡಿಕೊಂಡು ಕಾರ್ಡು ತಂದು, ಆ ಕಾರ್ಡಿನ ಚಿಹ್ನೆಗೆ ತಕ್ಕ, ತಟ್ಟೆ ಎಂದು ಕರೆಯುವ ಗುಂಪಿನಲ್ಲಿ ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕಿ ಪೂರ್ತಿ ಜತೆಗಿರುತ್ತಾರೆ, ಇನ್ನೊಂದರಲ್ಲಿ ಅರ್ಧ ಹೊತ್ತು. ಉಳಿದವುಗಳಲ್ಲಿ ಗೆಳೆಯರ ನೆರವು, ಕೊನೆಯದರಲ್ಲಿ ಸ್ವಕಲಿಕೆ. ಗುಳೆ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ತಪ್ಪಿದ ಪಾಠವೆಂಬ ಮಾತೇ ಬರುವುದಿಲ್ಲ. ನಿಧಾನಗತಿಯ ಮಗುವಿಗೆ ಬೇರೆ ಮೂಲೆ ಹುಡುಕುವ ಅಗತ್ಯವಿಲ್ಲ, ಏಕೆಂದರೆ ಇಲ್ಲಿ ಪ್ರತಿಯೊಬ್ಬರ ಗತಿಯೂ ಬೇರೆಯೇ.

ಓದು ಕಲಿಸುವ ಕ್ರಮವೂ ಗಮನಾರ್ಹ. ನಲಿಕಲಿ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳಿಂದ ಅರಸ, ಸರ, ಗರಗಸ ಓದುವಂತಾಗುತ್ತದೆ. ಅಕ್ಷರಗಳು ಕಲೆಸಿಹೋಗುವ ಮಗುವಿಗೆ ಮೊದಲ ವಾರಗಳಲ್ಲೇ ಒಂದು ಪದ ಓದಿದ ಸಂತೋಷ ಸಿಗುವುದು ಸಣ್ಣ ಸಂಗತಿಯಲ್ಲ. ಅಂಥ ಮಗುವಿಗೆ ಬ–ಭ, ಮ–ಯ, ಥ–ಧ ಜೋಡಿಗಳನ್ನು ಒಟ್ಟೊಟ್ಟಿಗೆ ಕಲಿಸಬಾರದು. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತರಬೇಕು. ಮರಳಿನಲ್ಲಿ ತಿದ್ದುವುದು, ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರವನ್ನು ಬೆರಳಿನಿಂದ ಸವರುವುದು ಎಲ್ಲ ಮಕ್ಕಳಿಗೂ ಇಷ್ಟವಾಗುವ ಕೆಲಸಗಳು.

ಈ ಪದ್ಧತಿಯಲ್ಲಿ ಎಚ್ಚರ ಬೇಕಾದ ಜಾಗಗಳೂ ಇವೆ. ಗೆಳೆಯರ ನೆರವಿನ ತಟ್ಟೆಯಲ್ಲಿ ಸದಾ ಒಂದೇ ಮಗು ಹೇಳಿಕೊಡುವುದು, ಇನ್ನೊಂದು ಸದಾ ಹೇಳಿಸಿಕೊಳ್ಳುವುದು ಆದರೆ ಅದು ಮೇಲುಕೀಳನ್ನೇ ಕಲಿಸುತ್ತದೆ. ಓದಿನಲ್ಲಿ ಹಿಂದಿರುವ ಮಗು ಚಿತ್ರ ಬರೆಯುವುದರಲ್ಲೋ, ಗಿಡಗಳ ಹೆಸರಿನಲ್ಲೋ ಉಳಿದವರಿಗೆ ಕಲಿಸುವ ಸರದಿ ವಾರಕ್ಕೊಮ್ಮೆಯಾದರೂ ಬರಬೇಕು. ಯಾರು ಎಲ್ಲಿದ್ದಾರೆಂದು ತಿಳಿಸುವ ಗೋಡೆಯ ಮೇಲಿನ ಪ್ರಗತಿ ನೋಟವನ್ನು ತೋರಿಸಿ ಮಕ್ಕಳನ್ನು ಹೋಲಿಸುವುದಂತೂ ಖಂಡಿತ ಕೂಡದು.

ಪಾಠದ ಹೊರಗಿನ ಹೊತ್ತಿನಲ್ಲಿ ಮಗು ಹೆಚ್ಚು ಒಂಟಿಯಾಗುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲು, ಮಧ್ಯಾಹ್ನದ ಬಿಸಿಯೂಟ, ಆಟ, ಶೌಚಾಲಯ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಲೋಟ ಹಂಚುವ ಸರದಿ ಚಂಚಲ ಮಗುವಿಗೆ ಬಂದರೆ ಓಡಾಡಲು ಗೌರವದ ಕಾರಣ ಸಿಗುತ್ತದೆ. ಬಡಿಸುವ ಸಾಲಿನಲ್ಲಿ ಜಾತಿಯ ಸುಳಿವು ಕಂಡರೆ ಶಿಕ್ಷಕಿ ಅದನ್ನು ಅಲ್ಲೇ ತಡೆಯಬೇಕು. ಇಳಿಜಾರು ಹಾದಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿದ್ದರೆ ಮಾತ್ರ ಗಾಲಿಕುರ್ಚಿಗೆ ಸುಲಭ. ಅದು ಕೊಠಡಿಯ ಬಾಗಿಲಿಗಿದ್ದು ಶೌಚಾಲಯಕ್ಕೆ ಇಲ್ಲದಿದ್ದರೆ ಆ ಮಗು ಸಂಜೆವರೆಗೆ ನೀರು ಕುಡಿಯದೆ ಕೂರುತ್ತದೆ.

ಮನೆಗೆ ಬಿಡುವ ಮುನ್ನ ಶಿಕ್ಷಕಿ ಎರಡು ನಿಮಿಷ ಹಾಜರಿ ಪುಸ್ತಕದ ಮೇಲೆ ಕಣ್ಣಾಡಿಸಿ, ಆ ದಿನ ತಾವು ಮಾತಾಡಿಸದ ಮಕ್ಕಳ ಹೆಸರಿಗೆ ಗುರುತು ಹಾಕಬಹುದು. ವಾರದಲ್ಲಿ ಅದೇ ಹೆಸರುಗಳು ಮತ್ತೆ ಮತ್ತೆ ಬಂದರೆ ಕಾರಣ ಹುಡುಕಬೇಕು. ಆಗ ಕಂಡದ್ದನ್ನು ಕಂಡಂತೆ ಬರೆದಿಡಬೇಕು: ಹಲಗೆ ನೋಡುವಾಗ ಕಣ್ಣು ಕಿರಿದು ಮಾಡುತ್ತಾನೆ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಕಾಯಿಲೆಗೆ ಹೆಸರಿಡುವುದು ವೈದ್ಯರ ಕೆಲಸ. ಗಮನಿಸಿದ್ದನ್ನು ದಾಖಲಿಸಲು ಎನ್‌ಸಿಇಆರ್‌ಟಿ 2022ರಲ್ಲಿ ಪ್ರಶಸ್ತ್ ಎಂಬ ಆ್ಯಪ್ ಹೊರತಂದಿದೆ. ಬ್ಲಾಕ್ ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ, ಅವರನ್ನು ಶಾಲೆಗೆ ಕರೆಸಿಕೊಳ್ಳಬಹುದು. ವೈಕಲ್ಯದ ಪ್ರಮಾಣಪತ್ರ ಬರುವುದು ತಡವಾಗಬಹುದು. ಶಾಲೆಗೆ ಸೇರಿಸಿಕೊಳ್ಳಲು ಅದು ಷರತ್ತಲ್ಲ, ಕಲಿಸುವ ಕ್ರಮ ಬದಲಿಸಿಕೊಳ್ಳಲು ಅದಕ್ಕಾಗಿ ಕಾಯಬೇಕಾಗಿಯೂ ಇಲ್ಲ.